ವಾಟ್ಸಾಪ್ ಗ್ರೂಪ್ ಇರುವಾಗ ಗ್ರಾಮಸಭೆ ಯಾಕೆ?

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ರಸ್ತೆ, ಕರೆಂಟು, ಆನೆ ಕಾಟ ಎಲ್ಲದರ ಬಗ್ಗೆಯೂ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಜೋರು ಚರ್ಚೆ ನಡೆಯುತ್ತದೆ. ಗ್ರಾಮಸಭೆಗೆ ಮಾತ್ರ ಜನವೇ ಬರುವುದಿಲ್ಲ. ಚರ್ಚೆ ಹೇಗೂ ಫೋನಿನಲ್ಲೇ ಆಗುತ್ತಿದೆಯಲ್ಲ, ಸಭೆ ಬೇಕೇ ಬೇಕಾ?

ಉತ್ತರ: ಬೇಕು. ಹಾಗಂತ ಗ್ರೂಪ್ ಬಿಟ್ಟುಬಿಡಿ ಅಂತಲೂ ಹೇಳುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದವರಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಆನೆ ಎಲ್ಲಿದೆ ಎಂದು ತಿಳಿಯುವುದು ಈಗ ಫೋನಿನಿಂದಲೇ. ಆ ಒಂದು ಮೆಸೇಜಿನಿಂದ ಜೀವ ಉಳಿಯಬಹುದು.

ಆದರೆ ಅದೇ ಮೆಸೇಜನ್ನು ಸ್ವಲ್ಪ ಗಮನಿಸಿ. 'ಒಂಟಿ ಸಲಗ ಈಗಷ್ಟೇ ರಸ್ತೆ ದಾಟಿದೆ, ಹುಷಾರು' ಎಂದಿರುತ್ತದೆ. ಈಗ ಅಂದರೆ ಯಾವಾಗ? ಯಾವ ರಸ್ತೆ? ನೋಡಿದವರು ಯಾರು? ಫಾರ್ವರ್ಡ್ ಆಗುತ್ತಾ ಆಗುತ್ತಾ ಇದೆಲ್ಲ ಉದುರಿಹೋಗಿ ಭಯ ಮಾತ್ರ ಉಳಿಯುತ್ತದೆ. ಹೋದ ವರ್ಷದ ವಿಡಿಯೋ ಇವತ್ತು ಮತ್ತೆ ಬಂದರೂ ಗೊತ್ತಾಗುವುದಿಲ್ಲ. ಸುಳ್ಳು ಸುದ್ದಿ ಹಬ್ಬಿ ದೇಶದಲ್ಲಿ ಕೊಲೆಗಳೇ ನಡೆದ ಮೇಲೆ, 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತು. ಎರಡು ಬಾಣದ ಗುರುತು ಇರುವ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು 2020ರಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಇದರಿಂದ ವೇಗ ತಗ್ಗುತ್ತದೆ, ಅಷ್ಟೆ. ಸುಳ್ಳೋ ನಿಜವೋ ನೋಡುವ ಕೆಲಸ ನಮ್ಮ ತಲೆ ಮೇಲೇ ಇದೆ.

ಇನ್ನು ಟೀವಿ ಮತ್ತು ಫೇಸ್‌ಬುಕ್. 2023ರ ಡಿಸೆಂಬರ್ 4ರಂದು ನಿಮ್ಮ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ ವೇಳೆ ಸಾಕಾನೆ ಅರ್ಜುನ ಸತ್ತ. ಮೈಸೂರು ದಸರಾದಲ್ಲಿ 8 ಸಲ ಅಂಬಾರಿ ಹೊತ್ತ ಆನೆ, ಜನ ಕಣ್ಣೀರಿಟ್ಟದ್ದು ಸಹಜ. ಕಾಲಿಗೆ ಗುಂಡು ತಗುಲಿತ್ತು ಎಂಬ ಮಾತು ಹಬ್ಬಿತು, ತನಿಖೆ ಆಗಲಿ ಎಂದರು, ಸ್ಮಾರಕ ಬೇಕೆಂದರು. ಆ ಗದ್ದಲದಿಂದ ಸರ್ಕಾರ ಉತ್ತರ ಕೊಡಲೇಬೇಕಾಯಿತು. ಒಳ್ಳೆಯದೇ. ಆದರೆ ಕಾಡಾನೆಗಳು ತೋಟಕ್ಕೆ ಯಾಕೆ ಬರುತ್ತಿವೆ, ಬೆಳೆ ಪರಿಹಾರ ಯಾಕೆ ತಡ, ಹಿಡಿದು ಬೇರೆ ಕಡೆ ಬಿಟ್ಟರೆ ಪ್ರಯೋಜನ ಇದೆಯಾ? ಇಂಥ ಪ್ರಶ್ನೆಗೆ ಅಷ್ಟು ಲೈಕು, ಕಾಮೆಂಟು ಬೀಳುವುದಿಲ್ಲ. ಫೇಸ್‌ಬುಕ್ಕಿನಂಥವು ಜನ ಜಾಸ್ತಿ ಕಾಮೆಂಟು, ಶೇರು ಮಾಡಿದ್ದನ್ನೇ ಮೇಲಕ್ಕೆ ತರುತ್ತವೆ. ಟೀವಿಯವರಿಗೂ ಅಳುವ ಮುಖ ಬೇಕು, ಪರಿಹಾರದ ಅರ್ಜಿ ಯಾವ ಟೇಬಲ್ಲಿನಲ್ಲಿದೆ ಎಂಬುದು ಬೇಡ.

ಇದೆಲ್ಲ ಫೋನು ಬಂದ ಮೇಲೆ ಶುರುವಾದ ಕಾಯಿಲೆ ಅಂದುಕೊಳ್ಳಬೇಡಿ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಉಪಚುನಾವಣೆಗೆ ನಿಂತಾಗ, 'ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರು, ಚಿಕ್ಕಮಗಳೂರು' ಎಂಬ ಘೋಷಣೆ ದೇಶಕ್ಕೆಲ್ಲ ಮುಟ್ಟಿತ್ತು. ಇಂದಿರಾ ಒಬ್ಬ ಹೆಣ್ಣು ಸಿಂಹ, ಎದುರಾಳಿಗಳು ನೂರು ಮಂಗ ಎಂದರ್ಥ. ಆ ಘೋಷಣೆ ಇವತ್ತಿಗೂ ನೆನಪಿದೆ. ಆಗ ಕಾಫಿ ಬೆಳೆಗಾರರು ಏನು ಕೇಳಿದ್ದರು, ಯಾರಿಗೆ ನೆನಪಿದೆ?

ಈಗ ಗ್ರಾಮಸಭೆಗೆ ಬರೋಣ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಅದು 6 ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಅದರ ಸದಸ್ಯರು. ಗ್ರೂಪಿನಿಂದ ನಿಮ್ಮನ್ನು ಅಡ್ಮಿನ್ ತೆಗೆದುಹಾಕಬಹುದು, ಗ್ರಾಮಸಭೆಯಿಂದ ಯಾರೂ ತೆಗೆಯೋಕೆ ಆಗಲ್ಲ. ತೋಟದ ಲೈನ್ ಮನೆಯಲ್ಲಿರುವ (ಕೂಲಿಯವರ ಸಾಲು ಮನೆ), ಸ್ಮಾರ್ಟ್‌ಫೋನ್ ಇಲ್ಲದ ಹೆಂಗಸಿಗೂ ಅಲ್ಲಿ ಎದ್ದು ನಿಂತು ಕೇಳುವ ಹಕ್ಕಿದೆ. ನಿಮ್ಮ ಗ್ರೂಪಿನಲ್ಲಿ ಅವರು ಇದ್ದಾರಾ?

ಇನ್ನೊಂದು ದೊಡ್ಡ ವ್ಯತ್ಯಾಸ ನಡಾವಳಿ ಪುಸ್ತಕದ್ದು, ಅಂದರೆ ಸಭೆಯ ಮಾತು, ತೀರ್ಮಾನ ಬರೆದಿಡುವ ಪುಸ್ತಕದ್ದು. ಗ್ರೂಪಿನಲ್ಲಿ ಇನ್ನೂರು ಮೆಸೇಜ್ ಬಿದ್ದರೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಉತ್ತರ ಕೊಡಬೇಕೆಂದೇನಿಲ್ಲ. ಮರುದಿನ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಅದೆಲ್ಲ ಮುಚ್ಚಿಹೋಗುತ್ತದೆ. ನಡಾವಳಿಯಲ್ಲಿ ಬರೆದದ್ದನ್ನು ಮುಂದಿನ ಸಭೆಯಲ್ಲಿ 'ಇದು ಏನಾಯ್ತು ಸಾರ್?' ಎಂದು ಕೇಳಬಹುದು.

ಹಾಗಾಗಿ ಜಗಳ, ಚರ್ಚೆ ಏನಿದ್ದರೂ ಮೊದಲು ಗ್ರೂಪಿನಲ್ಲೇ ಆಗಲಿ. ಎಲ್ಲರೂ ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿಸಿ, ಸಭೆಗೆ ಮುಂಚೆಯೇ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಅದರ ಫೋಟೋ ಗ್ರೂಪಿಗೆ ಹಾಕಿ, ಸಭೆಯ ದಿನ ನಾಲ್ಕು ಜನರನ್ನು ಕರಕೊಂಡು ಹೋಗಿ. ಆಮೇಲೆ ನಡಾವಳಿಯ ಪ್ರತಿ ಕೇಳಿ. ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.