ಮೊದಲು ಬೋರ್ಡ್ ನೋಡಿ, ಆಮೇಲೆ ಟೂಲ್‌ಚೈನ್ ಆರಿಸಿ

ಎಂಬೆಡೆಡ್ ಲಿನಕ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಇದನ್ನೇ: "ಸರ್, ಜಿಸಿಸಿ ಯಾವ ವರ್ಷನ್ ಹಾಕ್ಕೊಳ್ಳಲಿ?" ಜಿಸಿಸಿ ಅಂದರೆ ನಾವು ಬರೆದ ಸಿ ಕೋಡನ್ನು ಚಿಪ್‌ಗೆ ಅರ್ಥವಾಗುವ ಕೋಡ್ ಮಾಡುವ ಕಂಪೈಲರ್. ನಾನು ತಿರುಗಿ ಕೇಳುತ್ತೇನೆ: "ಬೋರ್ಡ್‌ನಲ್ಲಿ ಯಾವ ಜಿಲಿಬ್‌ಸಿ ಇದೆ?" ಜಿಲಿಬ್‌ಸಿ ಅಂದರೆ ಸಿ ಪ್ರೋಗ್ರಾಂಗಳು ಓಡಲು ಬೇಕಾದ ಸಿ ಲೈಬ್ರರಿ. ಉತ್ತರ ಬರುವುದು ಅಪರೂಪ. ಎಲ್ಲರ ಕಣ್ಣೂ ಕಂಪೈಲರ್ ನಂಬರ್ ಮೇಲೆ. ನಿಜ ಹೇಳಬೇಕೆಂದರೆ ಆ ನಂಬರ್‌ನಿಂದ ಆಗುವ ತೊಂದರೆ ಕಡಿಮೆ. ಅದರ ಜೊತೆಗೆ ಬರುವ ಸಿ ಲೈಬ್ರರಿಯಿಂದ ಆಗುವ ತೊಂದರೆಯೇ ಜಾಸ್ತಿ.

ಟೂಲ್‌ಚೈನ್ ಅಂದರೆ ಕಂಪೈಲರ್ ಒಂದೇ ಅಲ್ಲ. ಅಸೆಂಬ್ಲರ್, ಲಿಂಕರ್ ಇರುವ ಬಿನ್‌ಯುಟಿಲ್ಸ್, ಸಿ ಲೈಬ್ರರಿ, ಕರ್ನಲ್ ಹೆಡರ್‌ಗಳು (ಲಿನಕ್ಸ್ ಕರ್ನಲ್ ಜೊತೆ ವ್ಯವಹರಿಸಲು ಬೇಕಾದ ಫೈಲ್‌ಗಳು), ಇಷ್ಟೂ ಸೇರಿ ಒಂದು ಗಂಟು. ಯಾವ ಸಿಪಿಯು, ಫ್ಲೋಟ್ (ದಶಮಾಂಶ) ಲೆಕ್ಕ ಹೇಗೆ, ಯಾವ ಲೈಬ್ರರಿ ಅನ್ನುವುದೆಲ್ಲ ಆ ಗಂಟು ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ಒಂದೆರಡು ಫ್ಲ್ಯಾಗ್ ಹಾಕಿ ಬದಲಾಯಿಸ್ತೀನಿ ಅಂದರೆ ಆಗುವುದಿಲ್ಲ.

ಇದಕ್ಕೆ ರಾಸ್ಪ್‌ಬೆರಿ ಪೈ ಝೀರೋ ಅನ್ನುವ ಪುಟ್ಟ ಬೋರ್ಡ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಝೀರೋ 2 ಅಲ್ಲ, ಮೊದಲಿನದು. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಬೋರ್ಡ್ ತಂದವರು ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಆರ್ಮ್ ಹಾರ್ಡ್-ಫ್ಲೋಟ್ (ಫ್ಲೋಟ್ ಲೆಕ್ಕವನ್ನು ಚಿಪ್‌ನ ಹಾರ್ಡ್‌ವೇರ್‌ನಲ್ಲೇ ಮಾಡುವ) ಜಿಸಿಸಿ ಪ್ಯಾಕೇಜ್ ಹಾಕಿಕೊಳ್ಳುತ್ತಾರೆ. ಹಲೋ ವರ್ಲ್ಡ್ ಕಂಪೈಲ್ ಆಗುತ್ತದೆ, ಒಂದು ವಾರ್ನಿಂಗ್ ಕೂಡ ಇಲ್ಲ. ಬೋರ್ಡ್‌ಗೆ ಕಾಪಿ ಮಾಡಿ ಓಡಿಸಿದರೆ "ಇಲ್ಲೀಗಲ್ ಇನ್‌ಸ್ಟ್ರಕ್ಷನ್". ಕಾರಣ ಸರಳ. ಝೀರೋದ ಬಿಸಿಎಂ2835 ಚಿಪ್‌ನಲ್ಲಿರುವುದು ಆರ್ಮ್1176 ಕೋರ್, ಅಂದರೆ ಆರ್ಮ್ ಇನ್‌ಸ್ಟ್ರಕ್ಷನ್‌ಗಳ ಆರನೇ ಪೀಳಿಗೆ, ಆರ್ಮ್‌ವಿ6. ಉಬುಂಟು, ಡೆಬಿಯನ್‌ಗಳ ಆ ಕಂಪೈಲರ್ ಹುಟ್ಟಿಸುವುದು ಆರ್ಮ್‌ವಿ7ರ ಥಂಬ್-2 ಕೋಡ್. ಝೀರೋಗೆ ಆ ಭಾಷೆ ಬರುವುದಿಲ್ಲ.

ಆಗ ಎಲ್ಲರೂ ಕಮಾಂಡ್‌ಗೆ ಆರ್ಮ್‌ವಿ6 ಫ್ಲ್ಯಾಗ್‌ಗಳನ್ನು ಸೇರಿಸಿ ನೋಡುತ್ತಾರೆ. ನೀವು ಬರೆದ ಕೋಡ್ ವಿ6ಗೆ ಇಳಿಯುತ್ತದೆ, ಸರಿ. ಆದರೆ ಮೇನ್ ಫಂಕ್ಷನ್‌ಗಿಂತ ಮುಂಚೆ ಓಡುವ ಸ್ಟಾರ್ಟ್‌ಅಪ್ ಫೈಲ್‌ಗಳು ಟೂಲ್‌ಚೈನ್ ಜೊತೆಗೇ ವಿ7ಗೆ ಕಂಪೈಲ್ ಆಗಿ ಬಂದಿರುತ್ತವೆ. ಪ್ರೋಗ್ರಾಂ ನಿಮ್ಮ ಮೊದಲ ಸಾಲಿಗೆ ಬರುವ ಮೊದಲೇ ಸಾಯುತ್ತದೆ. 2012ರಲ್ಲಿ ಪೈಗೆಂದೇ ಶುರುವಾದ ರಾಸ್ಬಿಯನ್ ಲಿನಕ್ಸ್ ಇದೇ ಕಾರಣಕ್ಕೆ ಡೆಬಿಯನ್ ಪ್ಯಾಕೇಜ್‌ಗಳನ್ನು ವಿ6ಗೆ ಹೊಸದಾಗಿ ಕಂಪೈಲ್ ಮಾಡಿತು. ಆದರೆ ಹೆಸರು ಮಾತ್ರ ಎರಡರಲ್ಲೂ ಅದೇ "ಆರ್ಮ್‌ಎಚ್‌ಎಫ್" (ಆರ್ಮ್ ಹಾರ್ಡ್-ಫ್ಲೋಟ್). ಗೊಂದಲ ಆಗದೆ ಇನ್ನೇನು! ಅನುಮಾನ ಬಂದರೆ ಬೈನರಿ (ಕಂಪೈಲ್ ಆದ ಫೈಲ್) ಮೇಲೆ ರೀಡ್‌ಎಲ್ಫ್ ಅನ್ನುವ ಟೂಲನ್ನು ದೊಡ್ಡ ಎ ಆಪ್ಷನ್ ಕೊಟ್ಟು ಓಡಿಸಿ. ಸಿಪಿಯು ಆರ್ಕ್ ಅನ್ನುವ ಸಾಲಿನಲ್ಲಿ ವಿ7 ಅಂತ ಬಂದರೆ ಅದನ್ನು ಬೋರ್ಡ್‌ಗೆ ಕಾಪಿ ಮಾಡುವ ಶ್ರಮವೂ ಬೇಡ.

ಇನ್ನೊಂದು ಎರರ್ ತಲೆ ಕೆಡಿಸುತ್ತದೆ. ಫೈಲ್ ಕಣ್ಣೆದುರೇ ಇದೆ, ಎಲ್‌ಎಸ್ ಕಮಾಂಡ್ ಹೊಡೆದರೆ ಕಾಣುತ್ತದೆ, ಓಡಿಸಿದರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಸಿಗದೇ ಇರುವುದು ನಿಮ್ಮ ಫೈಲ್ ಅಲ್ಲ, ಅದು ಕೇಳುತ್ತಿರುವ ಡೈನಾಮಿಕ್ ಲೋಡರ್, ಅಂದರೆ ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಜೋಡಿಸುವ ಪುಟ್ಟ ಪ್ರೋಗ್ರಾಂ. ಹಾರ್ಡ್-ಫ್ಲೋಟ್ ಬೈನರಿ ಒಂದು ಹೆಸರಿನ ಲೋಡರ್ ಹುಡುಕುತ್ತದೆ, ಸಾಫ್ಟ್-ಫ್ಲೋಟ್ ಇನ್ನೊಂದನ್ನು, ಜಿಲಿಬ್‌ಸಿ ಬದಲು ಬಳಸುವ ಮಸಲ್ ಎಂಬ ಸಿ ಲೈಬ್ರರಿಯದು ಮತ್ತೊಂದನ್ನು. ರೀಡ್‌ಎಲ್ಫ್‌ಗೆ ಚಿಕ್ಕ ಎಲ್ ಆಪ್ಷನ್ ಕೊಟ್ಟರೆ ಅದು ಕೇಳುತ್ತಿರುವ ಇಂಟರ್‌ಪ್ರಿಟರ್ (ಅದೇ ಲೋಡರ್) ಹೆಸರು ಸಿಗುತ್ತದೆ. ಆ ಹೆಸರು ಬೋರ್ಡ್‌ನ ಲಿಬ್ ಫೋಲ್ಡರ್‌ನಲ್ಲಿ ಇದೆಯಾ ನೋಡಿ. ಇಲ್ಲ ಅಂದರೆ ಟೂಲ್‌ಚೈನೇ ತಪ್ಪು.

ಈಗ ಜಿಲಿಬ್‌ಸಿ. ಹಳೇ ಜಿಲಿಬ್‌ಸಿಯಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಆದರೆ ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆ ಅನ್ನುವ ಭರವಸೆ ಇಲ್ಲ. ಉಬುಂಟು 22.04ರಲ್ಲಿರುವುದು 2.35, ಡೆಬಿಯನ್ 11ರಲ್ಲಿರುವುದು 2.31. ಮೊದಲನೆಯದರಲ್ಲಿ ಮಾಡಿದ ಹಲೋ ವರ್ಲ್ಡ್ ಕೂಡ ಎರಡನೆಯದರಲ್ಲಿ ಏಳುವುದಿಲ್ಲ. "ಜಿಲಿಬ್‌ಸಿ 2.34 ಸಿಗಲಿಲ್ಲ" ಅನ್ನುತ್ತದೆ. ನಾನು ಬರೆದ ನಾಲ್ಕು ಸಾಲಿನಲ್ಲಿ ಹೊಸದೇನಿದೆ ಅಂತ ಅನಿಸುತ್ತೆ, ಅಲ್ವಾ? 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಪಿಥ್ರೆಡ್ (ಥ್ರೆಡ್‌ಗಳ) ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೇ ಸೇರಿಸಿದರು. ಪ್ರತಿ ಪ್ರೋಗ್ರಾಂ ಶುರುವಾಗುವಾಗ ಕರೆಯುವ ಫಂಕ್ಷನ್‌ಗೂ ಆಗಲೇ ಹೊಸ ವರ್ಷನ್ ಗುರುತು ಬಿತ್ತು. ಹಾಗಾಗಿ 2.34 ಅಥವಾ ಅದಕ್ಕಿಂತ ಹೊಸದರ ಮೇಲೆ ಲಿಂಕ್ ಆದ ಯಾವ ಪ್ರೋಗ್ರಾಮೂ ಆ ಗುರುತನ್ನು ಕೇಳುತ್ತದೆ.

ಇಲ್ಲಿ ಕೆಲವರು ಲ್ಯಾಪ್‌ಟಾಪ್ ಕಡೆಯ ಆರ್ಮ್ ಲೈಬ್ರರಿಯನ್ನು ಬೋರ್ಡ್‌ನ ಲೈಬ್ರರಿ ಮೇಲೆ ಕಾಪಿ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಲೋಡರ್ ಹಳೆಯದು, ಲೈಬ್ರರಿ ಹೊಸದು ಆದರೆ ಎಲ್‌ಎಸ್ ಕೂಡ ಓಡುವುದಿಲ್ಲ. ಎಸ್‌ಡಿ ಕಾರ್ಡ್ ಕಿತ್ತು ಲ್ಯಾಪ್‌ಟಾಪ್‌ಗೆ ಹಾಕಿ ರಿಪೇರಿ ಮಾಡಬೇಕು. ಇಎಂಎಂಸಿ (ಬೋರ್ಡ್‌ಗೇ ಅಂಟಿದ ಸ್ಟೋರೇಜ್) ಇರುವ ಬೋರ್ಡ್ ಆದರೆ ಇನ್ನೂ ಕಷ್ಟ.

ಸರಿಯಾದ ದಾರಿ ಸುಲಭವೇ ಇದೆ. ಬೋರ್ಡ್‌ನಲ್ಲಿ ಡೆಬಿಯನ್ 11 ಇದ್ದರೆ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 11ರ ಡಾಕರ್ ಕಂಟೇನರ್ (ಲ್ಯಾಪ್‌ಟಾಪ್ ಒಳಗೇ ಬೇರೆಯಾಗಿ ನಡೆಯುವ ಲಿನಕ್ಸ್ ಪರಿಸರ) ಎಬ್ಬಿಸಿ, ಅದರೊಳಗಿನ ಕ್ರಾಸ್ ಕಂಪೈಲರ್ (ಲ್ಯಾಪ್‌ಟಾಪ್‌ನಲ್ಲಿ ಓಡಿ ಬೋರ್ಡ್‌ಗೆ ಕೋಡ್ ಮಾಡುವ ಕಂಪೈಲರ್) ಬಳಸಿ. ಸಿ++ ಇದ್ದರೆ ಇದೇ ಕಥೆ ಇನ್ನೊಮ್ಮೆ ನಡೆಯುತ್ತದೆ, ಯಾಕಂದರೆ ಸಿ++ನ ಲೈಬ್ರರಿ ಲಿಬ್‌ಎಸ್‌ಟಿಡಿಸಿ++ ಬರುವುದು ಜಿಸಿಸಿ ಜೊತೆ. ಅದೊಂದನ್ನು ಮಾತ್ರ ಸ್ಟ್ಯಾಟಿಕ್ ಆಗಿ (ಪ್ರೋಗ್ರಾಂ ಒಳಗೇ ಸೇರಿಸಿ) ಲಿಂಕ್ ಮಾಡಿ ಪಾರಾಗಬಹುದು.

ಕರ್ನಲ್ ಹೆಡರ್ ವಿಷಯ ಚಿಕ್ಕದು. ಟೂಲ್‌ಚೈನ್‌ನಲ್ಲಿರುವ ಹೆಡರ್ ಬೋರ್ಡ್‌ನ ಕರ್ನಲ್‌ಗಿಂತ ಹೊಸದಾಗಿರಬಾರದು. ಎಷ್ಟೋ ಚಿಪ್‌ಗಳ ಬಿಎಸ್‌ಪಿ (ಬೋರ್ಡ್‌ಗೆಂದು ಕೊಡುವ ಕರ್ನಲ್, ಡ್ರೈವರ್‌ಗಳ ಗಂಟು) ಇನ್ನೂ 4.9, 4.14 ಅಂತ ಹಳೇ ಕರ್ನಲ್‌ನಲ್ಲೇ ಕೂತಿರುತ್ತದೆ. ಅಂಥ ಕಡೆ ಹೊಸ ಟೂಲ್‌ಚೈನ್‌ನ ಪ್ರೋಗ್ರಾಂ "ಕರ್ನಲ್ ಟೂ ಓಲ್ಡ್" ಎಂದು ಹೇಳಿ ನಿಲ್ಲಬಹುದು. ಹಳೇ ಕರ್ನಲ್ ಅನ್ನೇ ಜಿಸಿಸಿ 10ರಲ್ಲಿ ಕಟ್ಟಲು ಹೋದರೆ ಬೇರೆ ಗೋಳು. ಕರ್ನಲ್ ಜೊತೆ ಬರುವ ಡಿಟಿಸಿ (ಡಿವೈಸ್ ಟ್ರೀ ಕಂಪೈಲರ್) ಕಟ್ಟುವಾಗ ಒಂದೇ ವೇರಿಯಬಲ್ ಎರಡು ಕಡೆ ಇದೆ ಅಂತ ಲಿಂಕರ್ ತಕರಾರು ತೆಗೆಯುತ್ತದೆ. 2020ರ ಆ ಜಿಸಿಸಿಯಲ್ಲಿ ಡೀಫಾಲ್ಟ್ ಬದಲಾಯಿತು, ಅಷ್ಟೇ. ಕರ್ನಲ್‌ಗೆ ಸಿ ಲೈಬ್ರರಿ ಬೇಕಿಲ್ಲ, ಹಾಗಾಗಿ ಕರ್ನಲ್‌ಗೊಂದು, ಅಪ್ಲಿಕೇಶನ್‌ಗೊಂದು ಟೂಲ್‌ಚೈನ್ ಇಟ್ಟುಕೊಂಡರೆ ತಪ್ಪೇನಿಲ್ಲ.

ಎಲ್ಲಿಂದ ತರುವುದು? ಹಳೇ ಟ್ಯುಟೋರಿಯಲ್‌ಗಳು ಆರ್ಮ್ ಟೂಲ್‌ಚೈನ್‌ಗಳನ್ನು ಕೊಡುತ್ತಿದ್ದ ಲಿನಾರೋ ಸಂಸ್ಥೆ ಕಡೆ ಕೈ ತೋರಿಸುತ್ತವೆ. ಅವರು 2019ರ ನಂತರ ಆ ಸರಣಿ ನಿಲ್ಲಿಸಿದ್ದಾರೆ. ಈಗ ಆರ್ಮ್ ಕಂಪನಿಯೇ ಬಿಡುಗಡೆ ಮಾಡುತ್ತದೆ. ಅಲ್ಲಿ "ನನ್-ಇಎಬಿಐ (none-eabi)" ಅಂತ ಇರುವುದು ಮೈಕ್ರೋಕಂಟ್ರೋಲರ್‌ಗೆ. ಲಿನಕ್ಸ್ ಪ್ರೋಗ್ರಾಂಗೆ ಹೆಸರಿನ ನಡುವೆ "ಲಿನಕ್ಸ್" ಇರಲೇಬೇಕು. ನನಗೆ ಇಷ್ಟವಾಗುವುದು ಬೂಟ್ಲಿನ್‌ನವರ ಸಿದ್ಧ ಟೂಲ್‌ಚೈನ್‌ಗಳು. ಸಿಪಿಯು, ಲೈಬ್ರರಿ ಆರಿಸಿ ಇಳಿಸಿಕೊಳ್ಳಬಹುದು, ಹಳೇ ಬಿಡುಗಡೆಗಳೂ ಸಿಗುತ್ತವೆ, ಜಿಲಿಬ್‌ಸಿ ಮತ್ತು ಹೆಡರ್ ವರ್ಷನ್ ಬರೆದೇ ಇಟ್ಟಿರುತ್ತಾರೆ. ಪೈ ಝೀರೋದಂಥ ಬೋರ್ಡ್‌ಗೆ ಬೇಕಾದ ಆರ್ಮ್‌ವಿ6 ಹಾರ್ಡ್-ಫ್ಲೋಟ್ ಕೂಡ ಅಲ್ಲಿದೆ. ಅದೂ ಹೊಂದದಿದ್ದರೆ ಕ್ರಾಸ್‌ಟೂಲ್-ಎನ್‌ಜಿ ಹಾಕಿ ನಿಮ್ಮದೇ ಕಟ್ಟಿಕೊಳ್ಳಿ. ಸುಮ್ನೆ ಖುಷಿಗೆ ಅಂತ ಮಾತ್ರ ಅದಕ್ಕೆ ಕೈ ಹಾಕಬೇಡಿ. ಇನ್ನು ಪೈ 4ರಂಥ ಬೋರ್ಡ್ ಇದ್ದು ಪ್ರೋಗ್ರಾಂ ಸಣ್ಣದಾದರೆ ಬೋರ್ಡ್ ಮೇಲೇ ಕಂಪೈಲ್ ಮಾಡಿ, ಕ್ರಾಸ್ ಕಂಪೈಲರ್ ತಂಟೆಯೇ ಬೇಡ.

ಚಿಪ್ ಕಂಪನಿ ಕೊಟ್ಟ ಮುಚ್ಚಿದ (ಸೋರ್ಸ್ ಕೋಡ್ ಕೊಡದ) ಜಿಪಿಯು ಅಥವಾ ಕೋಡೆಕ್ ಲೈಬ್ರರಿ ಇದ್ದರೆ ಆಯ್ಕೆಯೇ ಉಳಿಯುವುದಿಲ್ಲ. ಅದು ಜಿಲಿಬ್‌ಸಿ ಹಾರ್ಡ್-ಫ್ಲೋಟ್ ಆಗಿದ್ದರೆ ನಿಮ್ಮದೂ ಅದೇ. ಮಸಲ್ ಚಿಕ್ಕದು, ಚೊಕ್ಕದು, ರೂಟರ್‌ಗಳ ಲಿನಕ್ಸ್ ಆದ ಓಪನ್‌ಡಬ್ಲ್ಯೂಆರ್‌ಟಿ ಅದರಲ್ಲೇ ನಡೆಯುತ್ತದೆ ಅನ್ನುವುದೆಲ್ಲ ನಿಜ, ಆದರೆ ಆ ಲೈಬ್ರರಿ ಅಲ್ಲಿ ಲೋಡ್ ಆಗುವುದಿಲ್ಲ.

ಮಾರುವ ಪ್ರಾಡಕ್ಟ್ ಮಾಡುತ್ತಿದ್ದರೆ ಟೂಲ್‌ಚೈನ್ ಬೇರೆ ಹುಡುಕಬೇಡಿ. ಬೋರ್ಡ್‌ನ ಇಡೀ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್ ಅಥವಾ ಯೋಕ್ಟೋ, ರೂಟ್ ಫೈಲ್‌ಸಿಸ್ಟಮ್ ಜೊತೆಗೇ ಎಸ್‌ಡಿಕೆ (ಟೂಲ್‌ಚೈನ್, ಲೈಬ್ರರಿಗಳ ಗಂಟು) ಕೊಡುತ್ತವೆ, ಎರಡಕ್ಕೂ ಲೈಬ್ರರಿ ಒಂದೇ. ಯೋಕ್ಟೋ ಎಸ್‌ಡಿಕೆ ಹಾಕಿದ ಮೇಲೆ ಅದರ ಎನ್ವಿರಾನ್‌ಮೆಂಟ್ ಸ್ಕ್ರಿಪ್ಟ್ ಸೋರ್ಸ್ ಮಾಡಿ, ಕಂಪೈಲರ್ ಕಮಾಂಡ್ ಇರುವ ಸಿಸಿ ವೇರಿಯಬಲ್ ಅನ್ನೇ ಬಳಸಿ. ಸಿಸ್‌ರೂಟ್ (ಬೋರ್ಡ್‌ನ ಹೆಡರ್, ಲೈಬ್ರರಿಗಳಿರುವ ಫೋಲ್ಡರ್) ದಾರಿ ಇರುವುದು ಆ ವೇರಿಯಬಲ್ ಒಳಗೆ. ಮೇಕ್‌ಫೈಲ್‌ನಲ್ಲಿ ಜಿಸಿಸಿ ಹೆಸರು ನೇರ ಬರೆದವರಿಗೆ ಎಸ್‌ಟಿಡಿ-ಐಒ (stdio.h) ಹೆಡರ್ ಕೂಡ ಸಿಗುವುದಿಲ್ಲ. ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್ ಕೂಡ ಬೋರ್ಡ್‌ನ ಸಿಸ್‌ರೂಟ್ ಕಡೆ ತಿರುಗಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಎಕ್ಸ್86 ಲೈಬ್ರರಿಯನ್ನು ಎತ್ತಿ ಕೊಡುತ್ತದೆ.

32 ಬಿಟ್ ಬೋರ್ಡ್‌ನಲ್ಲಿ ಹೊಸ ಪ್ರಾಡಕ್ಟ್ ಶುರು ಮಾಡುವವರು ಸಮಯ ಇಡುವ ಟೈಮ್_ಟಿ ಟೈಪ್ ಎಷ್ಟು ಬೈಟ್ ಅಂತ ಮೊದಲೇ ಪ್ರಿಂಟ್ ಮಾಡಿ ನೋಡಿ. 4 ಅಂತ ಬಂದರೆ ಆ ಗಡಿಯಾರ 2038ರ ಜನವರಿ 19ಕ್ಕೆ ತಪ್ಪುತ್ತದೆ. ಮಸಲ್‌ನಲ್ಲಿ 2020ರ 1.2.0ದಿಂದ ಅದು 8 ಬೈಟ್. ಜಿಲಿಬ್‌ಸಿಯಲ್ಲಿ 2.34ರಿಂದ ಫ್ಲ್ಯಾಗ್ ಹಾಕಿ 8 ಮಾಡಬಹುದು, ಜೊತೆಗೆ ಫೈಲ್ ಆಫ್‌ಸೆಟ್ ಅನ್ನೂ 64 ಬಿಟ್ ಮಾಡಬೇಕು. ಟೈಮ್_ಟಿ ಕೊಟ್ಟು ತೆಗೆದುಕೊಳ್ಳುವ ಲೈಬ್ರರಿಗಳೆಲ್ಲ ಅದೇ ಫ್ಲ್ಯಾಗ್‌ನಲ್ಲಿ ಕಟ್ಟಿರಬೇಕಾದ್ದರಿಂದ, ಇದನ್ನು ಮೊದಲ ಬಿಲ್ಡ್‌ಗೆ ಮುಂಚೆಯೇ ತೀರ್ಮಾನಿಸಬೇಕು.