ಕೋಡ್ ಎಲ್ಲರದು, ಹೆಸರು ಹಾಗಲ್ಲ

ನಮ್ಮದು ಓಪನ್ ಸೋರ್ಸ್ ಪ್ರಾಜೆಕ್ಟ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬಳಸಬಹುದಾದ ಸಾಫ್ಟ್‌ವೇರ್. ಅದಕ್ಕೆ ಹೊರಗಿನವರು ಯಾರಾದರೂ ಇಂಟಿಗ್ರೇಶನ್ (ಬೇರೆ ಸಾಫ್ಟ್‌ವೇರ್ ಜೊತೆ ಜೋಡಿಸುವ ಕೋಡ್) ಬರೆದರೆ ನನಗೆ ನಿಜಕ್ಕೂ ಖುಷಿ. ಆದರೆ ಅದಕ್ಕಿಟ್ಟ ಹೆಸರು ನೋಡಿದಾಗ ಎಷ್ಟೋ ಸಲ ತಲೆ ಕೆಡುತ್ತದೆ. ಪ್ರಾಜೆಕ್ಟ್‌ನ ಹೆಸರನ್ನೇ ಮುಂದೆ ಹಾಕಿ, ಪಕ್ಕದಲ್ಲಿ ‘ಕ್ಯಾಲೆಂಡರ್’ ಅಂತಲೋ ‘ಚಾಟ್’ ಅಂತಲೋ ಸೇರಿಸಿ ಬಿಡುಗಡೆ ಮಾಡಿಬಿಡುತ್ತಾರೆ. ಲೋಗೋ ಕೂಡ ನಮ್ಮದೇ. ಕೇಳಿದರೆ, ‘ಓಪನ್ ಸೋರ್ಸ್ ಅಲ್ವಾ?’ ಅನ್ನುತ್ತಾರೆ.

ಕೋಡ್ ಓಪನ್ ಸೋರ್ಸ್, ಹೌದು. ಹೆಸರು ಅಲ್ಲ. ಓಪನ್ ಸೋರ್ಸ್ ಲೈಸೆನ್ಸ್‌ಗಳಲ್ಲಿ ಒಂದಾದ ಅಪಾಚೆ 2.0ರ 6ನೇ ಕಲಮು ಓದಿ. ಟ್ರೇಡ್‌ಮಾರ್ಕ್ (ಹೆಸರು, ಲೋಗೋ ಥರದ್ದು) ಬಳಸಲು ಅನುಮತಿ ಇಲ್ಲ ಅಂತ ಅಲ್ಲೇ ಬರೆದಿದೆ. ಕೋಡ್ ಎಲ್ಲಿಂದ ಬಂತು ಅಂತ ಹೇಳುವುದಕ್ಕೆ ಬೇಕಾದಷ್ಟು ಮಾತ್ರ ವಿನಾಯಿತಿ. ಅಂಥದ್ದೇ ಇನ್ನೊಂದು, ಎಂಐಟಿ ಲೈಸೆನ್ಸ್, ಟ್ರೇಡ್‌ಮಾರ್ಕ್‌ನ ಮಾತನ್ನೇ ಎತ್ತುವುದಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಕಟ್ಟುವ ಡೆಬಿಯನ್‌ನಂಥ ದೊಡ್ಡ ಬಳಗವೇ ಟ್ರೇಡ್‌ಮಾರ್ಕ್ ತಕರಾರಿನಿಂದ 2006ರಲ್ಲಿ ತಾನು ಕೊಡುವ ಬ್ರೌಸರಿಗೆ ಫೈರ್‌ಫಾಕ್ಸ್ ಅನ್ನುವ ಹೆಸರು ಬಿಟ್ಟು ಐಸ್‌ವೀಸಲ್ ಅಂತ ಕರೆಯಬೇಕಾಯಿತು. ಹಳೆಯ ಹೆಸರು ವಾಪಸ್ ಬಂದಿದ್ದು 2016ರಲ್ಲಿ. ಕಾನೂನಿನ ವಿವರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ದುಡ್ಡಿನ ವ್ಯವಹಾರ ಇದ್ದರೆ ವಕೀಲರನ್ನು ಕೇಳಿ.

ನನಗೆ ಜಾಸ್ತಿ ಚಿಂತೆ ಬಳಸುವವರದು. ಒಮ್ಮೆ ಇಂಥದ್ದೇ ಹೆಸರಿನ ಇಂಟಿಗ್ರೇಶನ್ ಕೆಟ್ಟು ನಿಂತಿತು. ಬರೆದವರು ಕೆಲಸ ಬದಲಿಸಿದ್ದರು, ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ದೂರೆಲ್ಲ ನಮ್ಮ ಇಶ್ಯೂ ಟ್ರ್ಯಾಕರ್‌ಗೆ ಬಂದು ಬಿತ್ತು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಆ ಬಗ್‌ ಅನ್ನು ನಮ್ಮ ಕೋಡಿನಲ್ಲಿ ದಿನಗಟ್ಟಲೆ ಹುಡುಕಿದಳು. ಅದು ಅಲ್ಲಿ ಇರಲೇ ಇಲ್ಲ. ಅವಳ ಶ್ರಮ ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ನಿಮ್ಮ ಹೆಸರು ಮುಂದೆ ಇರಲಿ, ನಮ್ಮದು ಹಿಂದೆ. ‘ಇಂಥ ಪ್ರಾಜೆಕ್ಟ್‌ಗಾಗಿ’ ಅನ್ನುವುದು ಕೊನೆಗೆ ಬಂದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಪ್ರಾಜೆಕ್ಟ್ ತಾನೇ ಬೇರೆ ನಿಯಮ ಮಾಡಿದ್ದರೆ ಅದನ್ನೇ ಪಾಲಿಸಿ. ಪೈಥಾನ್ ಕೋಡ್ ಪರೀಕ್ಷಿಸುವ ಸಾಧನ ಪೈಟೆಸ್ಟ್. ಅದರ ಪ್ಲಗಿನ್‌ಗಳ (ಅದಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕುಗಳ) ಹೆಸರು ‘ಪೈಟೆಸ್ಟ್-’ ಅಂತಲೇ ಶುರುವಾಗುವುದು ರೂಢಿ, ಅವರ ಪ್ಲಗಿನ್ ಪಟ್ಟಿಯೂ ಅದನ್ನೇ ನೆಚ್ಚಿಕೊಂಡಿದೆ. ಹೊಸ ಜಾವಾಸ್ಕ್ರಿಪ್ಟ್ ಕೋಡನ್ನು ಹಳೆಯ ಬ್ರೌಸರ್‌ಗಳಿಗೂ ಹೊಂದುವಂತೆ ಬದಲಿಸುವ ಸಾಧನ ಬೇಬಲ್‌ನವರು 2018ರಲ್ಲಿ, 7ನೇ ಆವೃತ್ತಿಗೆ, ತಮ್ಮ ಅಧಿಕೃತ ಪ್ಯಾಕೇಜುಗಳನ್ನು ‘@ಬೇಬಲ್’ ಅಂತ ಶುರುವಾಗುವ ಹೆಸರುಗಳ ಅಡಿಗೆ ತಂದರು. ಯಾವುದು ಅವರದು, ಯಾವುದು ಹೊರಗಿನದು ಅಂತ ನೋಡಿದರೇ ಗೊತ್ತಾಗುತ್ತದೆ.

ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳೇ, ನೀವೂ ಇಂಟಿಗ್ರೇಶನ್‌ಗಳ ಪಟ್ಟಿಯಲ್ಲಿ ಸುಮ್ನೆ ಒಂದು ಲಿಂಕ್ ಹಾಕಿ ಕೈತೊಳೆದುಕೊಳ್ಳಬೇಡಿ. ಯಾರು ನೋಡಿಕೊಳ್ಳುತ್ತಾರೆ, ದೂರು ಎಲ್ಲಿ ಕೊಡಬೇಕು, ನಿಮ್ಮ ಯಾವ ಆವೃತ್ತಿಯ ಜೊತೆ ಕೊನೆಯ ಸಲ ಓಡಿಸಿ ನೋಡಿದ್ದು, ಇಷ್ಟಾದರೂ ಬರೆದಿಡಿ. ಬರೆದವರು ಉತ್ತರ ಕೊಡದಿದ್ದರೆ ತಕ್ಷಣ ಕಿತ್ತುಹಾಕಬೇಡಿ. ಕೋಡನ್ನು ತಾನಾಗಿಯೇ ಬಿಲ್ಡ್ ಮಾಡಿ ಪರೀಕ್ಷಿಸುವ ಸಾಧನ ಜೆಂಕಿನ್ಸ್‌ನಲ್ಲಿ ಅಂಥ ಪ್ಲಗಿನ್‌ಗಳಿಗೆ ಗುರುತು ಹಾಕುತ್ತಾರೆ, ಆಸಕ್ತಿ ಇದ್ದವರು ಕೇಳಿ ದತ್ತು ತೆಗೆದುಕೊಳ್ಳಬಹುದು.

ಹೆಸರು ಬದಲಿಸುವುದಿದ್ದರೆ ಬಳಕೆದಾರರು ಕಮ್ಮಿ ಇರುವಾಗಲೇ ಬದಲಿಸಿ. ಹಳೆಯ ಪ್ಯಾಕೇಜನ್ನು ಮಾತ್ರ ಅಳಿಸಬೇಡಿ, ಹೊಸದು ಎಲ್ಲಿದೆ ಅಂತ ಅದರಲ್ಲಿ ಬರೆದು ಹಾಗೇ ಬಿಡಿ. ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನಲ್ಲಿ ಪ್ರಾಜೆಕ್ಟ್ ಅಳಿಸಿದರೆ ಆ ಹೆಸರನ್ನು ಬೇರೆ ಯಾರಾದರೂ ಹಿಡಿದು ಕೆಟ್ಟ ಕೋಡ್ ತುಂಬಬಹುದು.