ವಿಷಯ ಸಿಕ್ಕಿತು, ಪ್ರಶ್ನೆ ಎಲ್ಲಿ?

ಸೆಮಿಸ್ಟರ್ ಮುಗಿಯಲು ವಾರವಿದ್ದಾಗ ಧಾರವಾಡದಲ್ಲಿ ಕಾಲೇಜಿನ ಎದುರಿನ ಡಿಟಿಪಿ ಅಂಗಡಿಗಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಪದವಿ ಮಕ್ಕಳ ಕಿರುಪ್ರಬಂಧಕ್ಕೆ ಕಪ್ಪು ರೆಕ್ಸಿನ್ ಬೈಂಡು, ಅದರ ಮೇಲೆ ಬಂಗಾರದ ಅಕ್ಷರ, ಶೀರ್ಷಿಕೆಯ ಕೊನೆಗೆ ತಪ್ಪದೆ ‘ಒಂದು ಅಧ್ಯಯನ’. ಪುಟ ತಿರುವಿದರೆ ಎಲ್ಲಿಂದಲೋ ಎತ್ತಿದ ಪ್ಯಾರಾಗಳು. ಮಕ್ಕಳು ಸೋಮಾರಿಗಳು ಎಂದು ಷರಾ ಬರೆಯುವುದು ಸುಲಭ. ಗ್ರಂಥಾಲಯದ ಕೌಂಟರಿನಲ್ಲಿ ಕೂತು ನೋಡಿದರೆ ಕತೆ ಅಷ್ಟು ಸರಳವಿಲ್ಲ.

1917ರಲ್ಲಿ ಕರ್ನಾಟಕ ಕಾಲೇಜು, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1950ರಲ್ಲಿ ಮುಂಬೈಯಿಂದ ಇಲ್ಲಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯ: ಸಂಶೋಧನೆಗೆ ಈ ಊರು ಹೊಸದಲ್ಲ. ಆದರೆ ಅದು ಗುರುವಿನ ಪಕ್ಕ ಕೂತು, ಶಾಸನದ ಒಂದೊಂದು ಸಾಲಿಗೆ ತಿಂಗಳು ಸವೆಸಿ ಕಲಿಯುತ್ತಿದ್ದ ವಿದ್ಯೆ. ಕಲಿಯುವವರೂ ಬೆರಳೆಣಿಕೆಯ ಜನ. ಪದವಿ ತರಗತಿಯ ನೂರಾರು ಮಕ್ಕಳ ತನಕ ಅದು ಇಳಿದು ಬರಲೇ ಇಲ್ಲ.

ಇಳಿಸುವ ದಾರಿಯನ್ನು ಬೇರೆ ಕಡೆ ಹುಡುಕುತ್ತಿದ್ದರು. ‘ಮಾಹಿತಿ ಸಾಕ್ಷರತೆ’ (ಬೇಕಾದ ಮಾಹಿತಿಯನ್ನು ಹುಡುಕಿ, ತೂಗಿ, ಬಳಸುವ ಬಲ್ಲತನ) ಎಂಬ ಮಾತನ್ನು ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಬಳಸಿದ್ದು 1974ರಲ್ಲಿ. ಮುಂದೆ ಮೈಕ್ ಐಸೆನ್‌ಬರ್ಗ್, ಬಾಬ್ ಬರ್ಕೊವಿಟ್ಜ್ ಸೇರಿ ‘ಬಿಗ್ ಸಿಕ್ಸ್’ ಮಾದರಿ ಕಟ್ಟಿದರು: ಏನು ಬೇಕೆಂದು ಗೊತ್ತು ಮಾಡಿಕೊ, ಎಲ್ಲೆಲ್ಲಿ ಸಿಗಬಹುದು ಯೋಚಿಸು, ಹುಡುಕಿ ತೆಗೆ, ಓದಿ ಬೇಕಾದ್ದನ್ನು ಆರಿಸು, ಜೋಡಿಸು, ಮಾಡಿದ್ದನ್ನು ತೂಗಿ ನೋಡು. ನನಗೆ ಹೆಚ್ಚು ಹತ್ತಿರವಾದದ್ದು ಗ್ರಂಥಾಲಯ ವಿಜ್ಞಾನದ ಅಮೆರಿಕನ್ ಸಂಶೋಧಕಿ ಕ್ಯಾರಲ್ ಕುಲ್ತಾವ್ ಅವರ ಕೆಲಸ. ಅವರು ಹುಡುಕಾಟದ ಹಂತಗಳ ಜೊತೆಗೆ ಮಕ್ಕಳ ಮನಸ್ಸನ್ನೂ ದಾಖಲಿಸಿದರು. ವಿಷಯ ಆರಿಸಿದಾಗ ಹುರುಪು. ಓದಲು ಕೂತ ಮೇಲೆ ಒಂದು ಪುಸ್ತಕ ಹೇಳಿದ್ದಕ್ಕೆ ಇನ್ನೊಂದು ಕೂಡುವುದಿಲ್ಲ, ಗೊಂದಲ, ಅನುಮಾನ. ಹೆಚ್ಚಿನವರು ಕೈಬಿಡುವುದು ಅಲ್ಲಿಯೇ, ಮತ್ತು ಕೈ ಹಿಡಿಯುವವರು ಬೇಕಾದದ್ದೂ ಅಲ್ಲಿಯೇ.

ನಮ್ಮಲ್ಲಿ ಈ ಪಾಠ ಬಾಲದ ಕಡೆಯಿಂದ ಒಳಗೆ ಬಂತು. 2009ರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ ಪಿಎಚ್‌.ಡಿ. ಪ್ರಬಂಧದ ಇ-ಪ್ರತಿ ಕೇಳಿತು, ಪ್ರಬಂಧಗಳ ಆನ್‌ಲೈನ್ ಭಂಡಾರ ‘ಶೋಧಗಂಗಾ’ ತುಂಬತೊಡಗಿತು. 2018ರ ನಿಯಮ ಕೃತಿಚೌರ್ಯಕ್ಕೆ ಅಳತೆಪಟ್ಟಿ ಇಟ್ಟಿತು: ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ದಂಡವಿಲ್ಲ, ಪ್ರಬಂಧದಲ್ಲಿ ಶೇ 60 ಮೀರಿದರೆ ನೋಂದಣಿಯೇ ರದ್ದು. ಅಂದಿನಿಂದ ಗ್ರಂಥಾಲಯಕ್ಕೆ ಬರುವವರು ಕೇಳುವ ಮಾತು ‘ಎಷ್ಟು ಪರ್ಸೆಂಟ್ ಬಂತ್ರಿ?’ ಇಂತಹ ನಿಯಮ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕದಿಯದಿರುವುದನ್ನು ಅಳೆಯಲು ಯಂತ್ರ ಬಂದಷ್ಟು ಬೇಗ, ಹುಡುಕುವುದನ್ನು ಕಲಿಸಲು ವೇಳಾಪಟ್ಟಿಯಲ್ಲಿ ಒಂದು ತಾಸು ಬರಲಿಲ್ಲ.

ಕನ್ನಡದಲ್ಲಿ ಬರೆಯುವವರ ಪಾಡು ಇನ್ನೂ ಬೇರೆ. ಎಷ್ಟೋ ಪ್ರಬಂಧಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತ) ಬಾರದ ಕಾಲದ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪಾದವು. ಕಣ್ಣಿಗೆ ಕನ್ನಡವೇ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಅವು ಸಿಗುವುದಿಲ್ಲ. ಮೊದಲೇ ಆದ ಕೆಲಸವನ್ನು ಹುಡುಗ ಗೊತ್ತಿಲ್ಲದೆ ಮತ್ತೆ ಮಾಡುತ್ತಾನೆ.

2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, ಕೊನೆಯ ವರ್ಷಕ್ಕೆ ಸಂಶೋಧನೆ ಎಂದಿತ್ತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಚಾಟ್‌ಜಿಪಿಟಿ ಬಂದು ಡಿಟಿಪಿ ಅಂಗಡಿಯ ಅರ್ಧ ಕೆಲಸವನ್ನು ಮೊಬೈಲಿಗೆ ತಂದಿಟ್ಟಿತು.

ಇಷ್ಟರ ನಡುವೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಂದಳು. ಅವಳ ವಿಷಯ ‘ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ: ಒಂದು ಅಧ್ಯಯನ’. ಕೈಯಲ್ಲಿ ಪ್ರಿಂಟ್ ತೆಗೆದ ಕಟ್ಟು. “ಓದಿದಷ್ಟೂ ತಲಿ ಕೆಡಾಕತ್ತೈತ್ರಿ ಸರ್. ಬ್ಯಾರೆ ವಿಷಯ ತಗೊಳ್ಳೇನ್ರಿ?” ಕುಲ್ತಾವ್ ಹೇಳಿದ ಜಾಗದಲ್ಲೇ ನಿಂತಿದ್ದಳು. ಕಟ್ಟು ಬದಿಗಿಡಿಸಿ, ನಿನಗೆ ಏನು ತಿಳಿಯಬೇಕಾಗೈತಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಅಪ್ಪ ಒಯ್ದ ಚೀಲಕ್ಕ ಒಂದ್ ರೇಟು, ಬಾಜೂ ಹೊಲದವ್ರದಕ್ಕ ಒಂದ್ ರೇಟು. ದಿನಾನೂ ಒಂದ, ಕಾಯಿನೂ ಒಂದ. ಯಾಕಂತ ಯಾರೂ ಹೇಳ್ಲಿಲ್ರಿ.”

ಆ ಪ್ರಶ್ನೆ ಕಟ್ಟಿನ ಯಾವ ಹಾಳೆಯಲ್ಲೂ ಇರಲಿಲ್ಲ. ಮುಂದಿನ ದಾರಿ ತಾನಾಗಿ ತೆರೆಯಿತು. ಕೃಷಿ ಮಾರಾಟ ಇಲಾಖೆ ದಿನದ ಕನಿಷ್ಠ, ಗರಿಷ್ಠ ದರ ಕೊಡುತ್ತದೆ. ಬ್ಯಾಡಗಿಯಲ್ಲಿ ಒಂದೇ ದಿನ ಅವೆರಡರ ನಡುವೆ ಕ್ವಿಂಟಲಿಗೆ ಹತ್ತಾರು ಸಾವಿರದ ಅಂತರ ಇರುವುದುಂಟು. ಬಣ್ಣ ಹೇಗಿತ್ತು, ಎಷ್ಟು ಒಣಗಿತ್ತು ಎಂಬುದು ಆ ಎರಡು ಅಂಕಿಯಲ್ಲಿ ಕಾಣುವುದಿಲ್ಲ. ಸುಳಿವು ಸಿಗಬೇಕೆಂದರೆ ದಲಾಲಿ ಅಂಗಡಿಯವರು ರೈತನ ಕೈಗೆ ಕೊಡುವ ಮಾರಾಟದ ಪಟ್ಟಿ ನೋಡಬೇಕು.

ಮುಂದಿನ ವಾರ ಅಪ್ಪನ ಟ್ರಂಕಿನಿಂದ ತೆಗೆದ ಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಳು. ಕಾಗದಕ್ಕೆ ಇನ್ನೂ ಮೆಣಸಿನಕಾಯಿಯ ಘಾಟು. ವರ್ಷದ ಪ್ರಕಾರ ಮೇಜಿನ ಮೇಲೆ ಹರಡಿದಾಗ ನಡುವಿನ ಎರಡು ವರ್ಷದವು ಇರಲಿಲ್ಲ. ಅಂಗಡಿಯವರ ಖಾತೆಯಲ್ಲಿ ಇದ್ದಾವೇನೋ ಕೇಳಲು ಶನಿವಾರ ಬ್ಯಾಡಗಿಗೆ ಹೋಗಬೇಕು ಎಂದು ಪ್ರಿಂಟಿನ ಕಟ್ಟಿನ ಹಿಂಬದಿಗೆ ಬರೆದುಕೊಂಡಳು.